ನೀರುಕೋಳಿಯ ಗೂಡಿನ ಎತ್ತರ

ಹಕ್ಕಿ ಓಡಿಸುವುದು ಅವಳ ಕೆಲಸ. ಎಡಗೈಯಲ್ಲಿ ತಗಡಿನ ಡಬ್ಬ, ಬಲಗೈಯಲ್ಲಿ ಕೋಲು. ಬೆಳಗ್ಗೆ ಹಿಂದಿನ ಗೇಟಿನಿಂದ ಒಳಗೆ ಹೋದರೆ ಸಂಜೆಯವರೆಗೆ ಕೊಳದ ಸುತ್ತ ನಡೆಯಬೇಕು. ಹಕ್ಕಿ ಇಳಿಯಿತೋ, ಬಡಿಯಬೇಕು. ಎದ್ದಿತೋ, ಮತ್ತೆ ನಡೆಯಬೇಕು. ಕೂರುವ ಹಾಗಿಲ್ಲ. ದಂಡೆಯಲ್ಲಿ ಕಲ್ಲುಬೆಂಚುಗಳಿದ್ದವು. ಅವು ಅಲ್ಲಿ ಮನೆ ಕೊಂಡವರಿಗೆ. ಒಮ್ಮೆ ಮೊಣಕಾಲು ಸೋತು ಒಂದರ ತುದಿಯಲ್ಲಿ ಕೂತಿದ್ದಳು. ಮಾರನೆಯ ದಿನ ಆ ಬೆಂಚನ್ನು ಸೋಪು ಹಾಕಿ ಉಜ್ಜಿ ತೊಳೆಸಿದರು. ಉಜ್ಜಿದವಳೂ ಅವಳೇ.

ಗೇಟಿನ ಕಾವಲುಗಾರರು ಅವಳನ್ನು ಡಬ್ಬದಕ್ಕ ಎಂದು ಕರೆದರು. ಆ ಹೆಸರು ಗೋಡೆ ಹಾರಿ ಅವಳ ಕೇರಿಗೂ ಬಂತು. ಅದಕ್ಕೆ ಮೊದಲು ಅವಳು ಚಾಪೆಯವಳು. ಅವಳ ಅತ್ತೆ ಚಾಪೆಯವಳು, ಅತ್ತೆಯ ಅತ್ತೆ ಚಾಪೆಯವಳು. ಕೇರಿಗೆ ಕೇರಿಯೇ ಜೊಂಡು ಕೊಯ್ದು, ಒಣಗಿಸಿ, ನೇಯ್ದು ಬದುಕಿದ್ದು. ಆ ಜೊಂಡು ಬೆಳೆಯುತ್ತಿದ್ದ ಜೌಗಿನ ಮೇಲೇ ಈಗ ಅವಳು ಡಬ್ಬ ಹಿಡಿದು ನಡೆಯುತ್ತಿದ್ದಳು. ಜೌಗು ಯಾರದ್ದು ಎಂದು ಒಂದು ದಿನ ಯಾರೋ ಬಂದು ಕೇಳಿದರು. ಯಾರದ್ದೂ ಅಲ್ಲ, ಎಲ್ಲರದ್ದೂ ಎಂದು ಕೇರಿಯವರು ಹೇಳಿದರು. ಬಂದವರು ಅದರಲ್ಲಿ ಮೊದಲರ್ಧವನ್ನು ಮಾತ್ರ ಕೇಳಿಸಿಕೊಂಡರು. ಇನ್ನು ಈ ಕಡೆಗೂ ಅಭಿವೃದ್ಧಿ ಬರುತ್ತದೆ ಎಂದರು. ಬಂತು. ಲಾರಿಯಲ್ಲಿ ಬಂತು. ಮುರಿದ ಮನೆಗಳ ಇಟ್ಟಿಗೆ, ಕೆಂಪು ಮಣ್ಣು, ಕಲ್ಲು, ಮತ್ತೆ ಮಣ್ಣು. ಜೌಗು ನುಂಗಿತು, ನುಂಗಿತು, ಕೊನೆಗೆ ಅದರ ಗಂಟಲು ಕಟ್ಟಿತು. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಆ ಕೇರಿಯ ಪಾಲಿಗೆ ಕೈಗೆ ಹಚ್ಚಿಕೊಳ್ಳಲು ಕೆಸರೂ ಉಳಿಯಲಿಲ್ಲ.

ಮಣ್ಣು ಆಳೆತ್ತರ ಏರಿದ ಮೇಲೆ ಅದರ ಮೇಲೆ ಎತ್ತರದ ಮನೆಗಳು ಎದ್ದವು. ಸುತ್ತ ಗೋಡೆ ಬಂತು. ನೋಡಲಿಕ್ಕೆ ಚೆಂದವಿರಲಿ ಎಂದು ನಡುವೆ ಒಂದು ಕೊಳ ತೋಡಿಸಿದರು. ಕೊಳದ ಅಂಚಿಗೆ, ಅದೂ ಚೆಂದಕ್ಕೇ, ಒಂದು ಸಾಲು ಜೊಂಡು ನೆಡಿಸಿದರು. ಇದೆಲ್ಲ ಚೆಂದಕ್ಕೆ ಎಂದು ಹಕ್ಕಿಗಳಿಗೆ ಯಾರು ಹೇಳಬೇಕು? ಸುತ್ತಲಿದ್ದ ನೀರೆಲ್ಲ ಮಣ್ಣಾದ ಮೇಲೆ ಬೆಳ್ಳಕ್ಕಿ, ನೀರುಕೋಳಿ ಎಲ್ಲ ಆ ಒಂದು ಕೊಳಕ್ಕೇ ಮುಗಿಬಿದ್ದವು. ಮೆಟ್ಟಿಲ ಮೇಲೆ ಹಿಕ್ಕೆ ಹಾಕಿದವು. ಬೆಳಗಾಗುವ ಮೊದಲೇ ಕೂಗಿದವು. ಒಳಗಿನವರಿಗೆ ನಿದ್ದೆ ಕೆಟ್ಟಿತು. ಡಬ್ಬದಕ್ಕನಿಗೆ ಕೆಲಸ ಸಿಕ್ಕಿತು.

"ನಿಮ್ಮ ಹಳೇ ನೆಂಟರನ್ನ ಓಡಿಸೋಕೆ ನಿಮಗೇ ಸಂಬಳ," ಎಂದು ಹಿಂದಿನ ಗೇಟಿನ ಕಾವಲುಗಾರ ನಗುತ್ತಿದ್ದ.

"ನೆಂಟರು ತಾನೆ, ನಮ್ಮ ಮಾತು ಕೇಳ್ತಾರೆ. ನಿನ್ನ ಮಾತು ನಿನ್ನ ಹೆಂಡ್ತೀನೂ ಕೇಳಲ್ಲ," ಎಂದು ಅವಳೂ ಹಲ್ಲು ಬಿಡುತ್ತಿದ್ದಳು. ನಗದೆ ಇನ್ನೇನು ಮಾಡುವುದು. ಡಬ್ಬ ಬಡಿದು ಬಡಿದು ಭುಜ ಇಳಿದುಹೋಗಿತ್ತು. ರಾತ್ರಿ ಆ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಪಕ್ಕಕ್ಕೆ ಇಟ್ಟುಕೊಂಡು ಮಲಗಬೇಕಾಗಿತ್ತು.

ಮನೆಯಲ್ಲಿ ಅತ್ತೆ. ಅತ್ತೆಯ ಕಾಲು ಬಿದ್ದುಹೋಗಿತ್ತು. ಕೈ ಮತ್ತು ನಾಲಿಗೆ ಗಟ್ಟಿಯಿದ್ದವು. ಜೌಗಿನ ಕೊನೆಯ ತುಂಡಿಗೆ ಮಣ್ಣು ಬೀಳುವ ಮೊದಲು ಕೇರಿಯವರು ಹಗಲಿಡೀ ಎದೆಮಟ್ಟದ ನೀರಿನಲ್ಲಿ ನಿಂತು, ಸಿಕ್ಕಷ್ಟು ಜೊಂಡು ಕೊಯ್ದು ತಂದಿದ್ದರು. ಅದನ್ನೇ ಗೋಡೆಗೊರಗಿಸಿ ಕಟ್ಟು ಕಟ್ಟಿ ಪೇರಿಸಿಟ್ಟಿದ್ದರು. ಮನೆಯ ಅರ್ಧ ಜಾಗ ಅದಕ್ಕೇ. ಇನ್ನು ಜೊಂಡು ಹುಟ್ಟುವುದಿಲ್ಲ. ಇದು ಮುಗಿದರೆ ಕಸುಬು ಮುಗಿಯಿತು. ಅತ್ತೆ ಅದನ್ನು ಜಿಪುಣಿ ಉಪ್ಪು ಖರ್ಚು ಮಾಡಿದ ಹಾಗೆ ಎಳೆ ಎಳೆಯಾಗಿ ತೆಗೆದು ನೇಯುತ್ತಿದ್ದಳು.

ಮಳೆಗಾಲ ಹತ್ತಿರವಾಗುತ್ತಿದ್ದಂತೆ ಅತ್ತೆ ದಿನಾ ಸಂಜೆ ಒಂದೇ ಮಾತು ಕೇಳತೊಡಗಿದಳು. ಅದು ಕೇರಿಯ ಹಳೆಯ ಲೆಕ್ಕ. ನೀರುಕೋಳಿ ಮಳೆಗೆ ಮುಂಚೆ ಜೊಂಡನ್ನು ಬಗ್ಗಿಸಿ ಹೆಣೆದು ಗೂಡು ಕಟ್ಟುತ್ತದೆ. ಗೂಡು ಸೊಂಟದೆತ್ತರ ಇದ್ದರೆ ಆ ವರ್ಷ ನೀರು ಹೊಸ್ತಿಲು ದಾಟುತ್ತದೆ ಎಂದು ಅರ್ಥ. ಪಾತ್ರೆಪಡಗ, ಜೊಂಡು, ಚಾಪೆ ಎಲ್ಲ ಅಟ್ಟಕ್ಕೆ ಹೋಗಬೇಕು. ಮೊಣಕಾಲೆತ್ತರ ಇದ್ದರೆ ನೀರು ಅಂಗಳದವರೆಗೆ. ಅದಕ್ಕೂ ಕೆಳಗಿದ್ದರೆ ಕಾಲು ಚಾಚಿ ಮಲಗಬಹುದು. ಯಾರ ನೆನಪಿನಲ್ಲೂ ಈ ಲೆಕ್ಕ ತಪ್ಪಿರಲಿಲ್ಲ.

"ಗೂಡು ಕಟ್ಟಿದ್ವೇನೇ?"

"ಕಟ್ಟಿವೆ ಅತ್ತೆ."

"ಎಷ್ಟೆತ್ತರ?"

"ನೀರಿಂದ ಒಂದು ಗೇಣು. ಅಷ್ಟೇ."

ಅತ್ತೆಯ ಕೈ ನಿಂತಿತು. "ಒಂದು ಗೇಣಾ? ಸರಿಯಾಗಿ ನೋಡಿದ್ಯಾ, ಇಲ್ಲಾ ಡಬ್ಬ ಬಡಿಯೋ ಸಂಭ್ರಮದಲ್ಲಿ ಕಣ್ಣು ಎಲ್ಲೋ ಇಟ್ಟಿದ್ಯಾ?"

"ದಿನಾ ಕಣ್ಣೆದುರಿಗೇ ಇವೆ. ನಂಬಿಕೆ ಇಲ್ದಿದ್ರೆ ನೀವೇ ಬಂದು ನೋಡಿ."

"ಬರ್ತೀನಿ. ಆ ಬೆಂಚಿನ ಮೇಲೆ ಕೂರಿಸ್ತಾರೇನು ನನ್ನ?" ಎಂದಳು ಅತ್ತೆ. ಆಮೇಲೆ ಎಳೆ ಎತ್ತಿಕೊಂಡಳು. "ಹಕ್ಕಿ ಸುಳ್ಳು ಹೇಳಲ್ಲ ಬಿಡು. ಈ ವರ್ಷ ಬಚಾವಾದ್ವಿ."

ಮಾತು ಕೇರಿಯಲ್ಲಿ ಹರಡಿತು. ಪಕ್ಕದ ಮನೆಯ ಹಗ್ಗ ಹೊಸೆಯುವವನು ಬಾಗಿಲಿಗೇ ಬಂದು ಕೇಳಿ ಹೋದ. ವಾರಗಿತ್ತಿ ಬೀದಿಯ ಆ ಕಡೆಯಿಂದಲೇ ಕೂಗಿದಳು. "ಅಕ್ಕ, ಒಂದು ಗೇಣಂತೆ, ಹೌದಾ? ನಮ್ಮ ಅಟ್ಟ ಬೇರೆ ಗೆದ್ದಲು ಹಿಡಿದಿದೆ, ಏನು ಮಾಡೋದಪ್ಪ ಅಂತಿದ್ದೆ." ಆ ವರ್ಷ ಕೇರಿಯಲ್ಲಿ ಯಾರೂ ಏನನ್ನೂ ಮೇಲಕ್ಕೆ ಎತ್ತಲಿಲ್ಲ.

ಮಳೆ ಹಿಡಿದದ್ದು ಒಂದು ಮಧ್ಯಾಹ್ನ. ಹನಿಯಾಗಿ ಶುರುವಾಗಲಿಲ್ಲ; ಕೊಡ ಬೋರಲು ಹಾಕಿದ ಹಾಗೆ ಬಿತ್ತು. ಒಳಗಿನವರು ಬಾಲ್ಕನಿಗೆ ಬಂದು ಮಳೆ ನೋಡಿದರು. ಅವಳು ಗೋಣಿಚೀಲ ಹೊದ್ದು ಕೊಳದ ಸುತ್ತ ನಡೆದಳು. ಮಳೆ ಬಂದರೆ ಹಕ್ಕಿ ಓಡಿಸುವುದು ಬೇಡ ಎಂದು ಯಾರೂ ಹೇಳಿರಲಿಲ್ಲ. ಮೈಯೆಲ್ಲ ನೀರು. ಕಾಲ ಕೆಳಗೆ ನೀರು. ಆದರೆ ಕೊಳದ ನೀರು ಬೆಳಗ್ಗೆ ಇದ್ದಲ್ಲೇ ಇತ್ತು. ನೀರುಕೋಳಿ ತನ್ನ ಗೂಡಿನಲ್ಲಿ ಆರಾಮಾಗಿ ಕೂತಿತ್ತು. ಗೂಡಿನ ಬುಡಕ್ಕೂ ನೀರು ಏರಿರಲಿಲ್ಲ.

ಅವಳು ಕೋಲು ಇಳಿಸಿ ಕೊಳದ ಮೂಲೆಗೆ ನಡೆದಳು.

ಕೊಳದ ಮೂಲೆಯಲ್ಲಿ ಪಂಪಿನ ಕೋಣೆ. ಒಳಗೆ ಪಂಪಿನವನು ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದ. ಕೆಟ್ಟವನಲ್ಲ. ಕೆಲವೊಮ್ಮೆ ಅವಳಿಗೂ ಅರ್ಧ ಲೋಟ ಕೊಡುತ್ತಿದ್ದ.

"ಅಣ್ಣ, ಮಳೆ ಈ ಪಾಟಿ ಹೊಡೀತಿದೆ. ಕೊಳ ಯಾಕೆ ಏರಿಲ್ಲ?"

"ಏರೋಕೆ ಬಿಟ್ರೆ ತಾನೆ? ನೆಲದ ಕೆಳಗೆ ಕಾರುಗಳು ನಿಂತಿವೆ. ಒಂದು ಗೆರೆ ಹಾಕಿದ್ದಾರೆ ನೋಡು. ಅದು ದಾಟಿದ್ರೆ ಪಂಪು ತಾನಾಗಿ ಓಡುತ್ತೆ."

"ನೀರು ಎಲ್ಲಿಗೆ ಹೋಗುತ್ತೆ?"

ಅವನು ಗೋಡೆಯ ಕಡೆಗೆ ಗಲ್ಲ ಎತ್ತಿದ. "ಆಚೆಗೆ."

"ಆಚೆಗೆ ನಮ್ಮ ಮನೆ ಇದೆ."

"ಅದೆಲ್ಲ ನನಗೆ ಗೊತ್ತಿಲ್ಲಮ್ಮ. ನನಗೆ ಹೇಳಿಕೊಟ್ಟಿರೋದು ಎರಡೇ. ಒಳಗೆ, ಆಚೆಗೆ."

"ಒಂದು ಗಳಿಗೆ ನಿಲ್ಸಣ್ಣ. ನಮ್ಮತ್ತೆ ಒಬ್ಬಳೇ ಇದ್ದಾಳೆ. ಕಾಲಿಲ್ಲ ಅವಳಿಗೆ."

"ನಿಲ್ಸಿದ್ರೆ ನಾಳೆ ನಾನೂ ನಿನ್ನ ಜೊತೆ ಆಚೆಗೆ," ಎಂದ ಅವನು. ಲೋಟ ಕೆಳಗಿಟ್ಟ. ಅವಳ ಮುಖ ನೋಡಲಿಲ್ಲ.

ಅವಳು ಓಡಿದಳು. ಓಡುವಾಗ ಎಲ್ಲ ತಿಳಿಯಿತು. ಹಕ್ಕಿ ಸುಳ್ಳು ಹೇಳಿರಲಿಲ್ಲ. ತಾನು ಕೂತ ನೀರಿನ ಮಾತನ್ನಷ್ಟೇ ಅದು ಹೇಳಿತ್ತು. ಆ ನೀರು ಮಳೆಯ ಮಾತು ಕೇಳುವುದನ್ನು ಬಿಟ್ಟು ಪಂಪಿನ ಮಾತು ಕೇಳುತ್ತಿತ್ತು. ಗೋಡೆಯೊಳಗಿನ ಸುದ್ದಿಯನ್ನು ಗೋಡೆಯಾಚೆಗೆ ಹೊತ್ತು ತಂದವಳು ತಾನು.

ಕೇರಿಯ ಎದುರಿಗೆ, ಗೋಡೆಯಲ್ಲಿ ಎದೆಯ ಮಟ್ಟಕ್ಕೆ ಒಂದು ಪೈಪು ಬಾಯಿ ತೆರೆದುಕೊಂಡಿತ್ತು. ಇಷ್ಟು ದಿನ ಅದು ಗಾಳಿಗೆ ಇಟ್ಟ ತೂತು ಎಂದುಕೊಂಡಿದ್ದರು. ಈಗ ಅದರಿಂದ ನೀರು ಎಮ್ಮೆ ಗಾತ್ರಕ್ಕೆ ಹಾರಿ ಬೀಳುತ್ತಿತ್ತು. ಬೀದಿಯಲ್ಲಿ ಸೊಂಟಮಟ್ಟ ನೀರು. ಮೊದಲಾದರೆ ಎಷ್ಟೇ ಬಂದರೂ ಜೌಗಿಗೆ ಇಳಿದು ಹೋಗುತ್ತಿತ್ತು. ಈಗ ಹೋಗಲು ಜಾಗವಿಲ್ಲದೆ ಅಲ್ಲೇ ಸುತ್ತಿ ಸುತ್ತಿ ಮನೆಗಳಿಗೆ ನುಗ್ಗುತ್ತಿತ್ತು.

ಬಾಗಿಲು ತೆರೆಯಲಿಲ್ಲ. ಜೊಂಡಿನ ಕಟ್ಟುಗಳು ನೀರು ಕುಡಿದು ಊದಿ, ತೇಲಿ ಬಂದು, ಒಳಗಿನಿಂದ ಬಾಗಿಲಿಗೆ ಬಿಗಿದುಕೊಂಡಿದ್ದವು. ಅವಳು ಭುಜ ಕೊಟ್ಟು ಗುದ್ದಿದಳು. ಡಬ್ಬ ಬಡಿದು ಸತ್ತಿದ್ದ ಭುಜ. ಬಾಗಿಲು ಅಲ್ಲಾಡಲಿಲ್ಲ.

"ಅತ್ತೇ!"



ಹಗ್ಗದವನು ಛಾವಣಿ ಹತ್ತಿ ತಗಡು ಕಿತ್ತ. ಅತ್ತೆ ತೇಲುವ ಜೊಂಡಿನ ಮೇಲೆ ಅಂಗಾತ ಬಿದ್ದಿದ್ದಳು. ಅವಳ ಮೂಗಿಗೂ ತಗಡಿಗೂ ನಡುವೆ ಒಂದು ತಲೆ ಹಿಡಿಸುವಷ್ಟು ಜಾಗವಿತ್ತು. ಕಂಕುಳಿಗೆ ಹಗ್ಗ ಹಾಕಿ ಅವಳನ್ನು ಮೂಟೆ ಎಳೆದ ಹಾಗೆ ಎಳೆದರು. ಹೊರಗೆ ಬಂದವಳು ಕೆಮ್ಮಿದಳು, ಉಗಿದಳು, ಸುತ್ತ ನೋಡಿದಳು.

"ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ ಅಂತಿದ್ರು," ಎಂದಳು. "ಈಗ ನೀರೇ ಊರಿಗೆ ಬಂತಲ್ಲೇ."

ವಾರಗಿತ್ತಿ ತನ್ನ ಮನೆಯ ಮುಂದೆ ಸೊಂಟದವರೆಗೆ ಮುಳುಗಿ ನಿಂತಿದ್ದಳು. ಅವಳ ಚಾಪೆಗಳು ಒಂದೊಂದಾಗಿ ಬಾಗಿಲು ದಾಟಿ ತೇಲಿ ಹೋಗುತ್ತಿದ್ದವು. "ಒಂದು ಗೇಣು ಅಂದ್ಯಲ್ಲಕ್ಕ," ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ.

ನೀರು ಇಳಿಯಲು ವಾರ ಹಿಡಿಯಿತು. ಜೊಂಡು ಕೊಳೆಯಿತು. ಕೊಳೆತ ಮೊಟ್ಟೆಯಂಥ ವಾಸನೆ ಕೇರಿ ತುಂಬಿತು. ಅವಳ ಗಂಡ ಅಲ್ಲಿ ಇಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಿದ್ದವನು; ಮಳೆ ಹಿಡಿದ ಮಧ್ಯಾಹ್ನವೂ ಕೆಲಸದಲ್ಲೇ ಇದ್ದ. ಮಳೆಗೆ ಅದೂ ನಿಂತಿತ್ತು. ಮಾತು ಕಡಿಮೆ ಅವನಿಗೆ. ಕೊಳೆತ ಕಟ್ಟುಗಳನ್ನು ಹೊತ್ತು ಹೊತ್ತು ಬೀದಿಯ ಕೊನೆಗೆ ಹಾಕಿದ. ಒಂದೆರಡು ಕಟ್ಟಿನ ನಡುವೆ ಒಳ್ಳೆಯ ಎಳೆಗಳು ಉಳಿದಿದ್ದವು. ಅತ್ತೆ ಅವನ್ನು ಬೆರಳಿನಿಂದ ತಡವಿ ತಡವಿ ಬೇರೆ ಮಾಡಿದಳು.

ಕೇರಿಯವರೆಲ್ಲ ಮುಂದಿನ ಗೇಟಿಗೆ ಹೋದರು. ಅವರು ಆ ಗೇಟು ನೋಡಿದ್ದು ಅವತ್ತೇ ಮೊದಲು. ತುಂಬ ಹೊತ್ತು ನಿಲ್ಲಿಸಿದ ಮೇಲೆ ಒಬ್ಬರು ದೊಡ್ಡವರು ಕೊಡೆ ಹಿಡಿದು ಹೊರಗೆ ಬಂದರು. ಒಳಗಿನವರ ಸಂಘದ ಅಧ್ಯಕ್ಷರಂತೆ. ಮೆತ್ತಗೆ ಮಾತಾಡಿದರು.

"ನೋಡಿ, ನೀರು ತಗ್ಗಿಗೆ ಹರಿಯುತ್ತೆ. ಅದು ಪ್ರಕೃತಿ ನಿಯಮ. ನೀವು ತಗ್ಗಲ್ಲಿದ್ದೀರಿ. ನಾವೇನು ಮಾಡೋಕಾಗುತ್ತೆ?"

"ನಾವು ತಗ್ಗಲ್ಲಿ ಇರ್ಲಿಲ್ಲ ಸ್ವಾಮಿ," ಎಂದ ಹಗ್ಗದವನು. "ನಾವು ಇದ್ದಲ್ಲೇ ಇದ್ದೀವಿ. ಏರಿದ್ದು ನೀವು."

"ವಾದ ಬೇಡ. ಮನುಷ್ಯತ್ವದ ಮೇಲೆ ಏನಾದ್ರೂ ಮಾಡೋಣ," ಎಂದು ಅವರು ಒಳಗೆ ಹೋದರು. ಸಂಜೆ ಒಂದು ಚೀಲ ಬ್ಲೀಚಿಂಗ್ ಪುಡಿ ಬಂತು.

ಅವಳು ಮತ್ತೆ ಡಬ್ಬ ಹಿಡಿದಳು. ಹಿಡಿಯದೆ ಮನೆಯಲ್ಲಿ ಒಲೆ ಹೊತ್ತುವಂತಿರಲಿಲ್ಲ. ಕೇರಿಯಲ್ಲಿ ನಡೆದು ಹೋಗುವಾಗ ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ. ಆ ಮೌನಕ್ಕಿಂತ ಡಬ್ಬದ ಸದ್ದೇ ವಾಸಿ ಅನಿಸುತ್ತಿತ್ತು.

ಒಂದು ಬೆಳಗ್ಗೆ ಸೂಪರ್‌ವೈಸರ್ ಬಂದ. ಕೈಯಲ್ಲಿ ಒಂದು ಖಾಲಿ ಚೀಲ.

"ಮೊಟ್ಟೆ ಒಡೆದು ಮರಿ ಬಂದ್ರೆ ಇನ್ನೂ ಗಲಾಟೆ. ನೀರಿಗಿಳಿದು ಗೂಡೆಲ್ಲ ಕಿತ್ತು ಇದಕ್ಕೆ ಹಾಕು."

ಅವಳು ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಜೊಂಡಿನ ಬುಡದಲ್ಲಿ ಕಾಲಿಗೆ ಕೆಸರು ಸಿಕ್ಕಿತು. ಹಳೆಯ ಕೆಸರು. ಅಂಗಾಲಿಗೆ ಗೊತ್ತಾಯಿತು. ಮೊದಲ ಗೂಡಿಗೆ ಕೈ ಚಾಚಿದಳು. ದಿನಾ ಡಬ್ಬ ಬಡಿದರೆ ಹಾರಿಹೋಗುತ್ತಿದ್ದ ನೀರುಕೋಳಿ ಇವತ್ತು ಏಳಲಿಲ್ಲ. ಕತ್ತು ಮುಂದೆ ಚಾಚಿ ಬುಸುಗುಟ್ಟಿತು. ಅವಳ ಬೆರಳು ಅದರ ಹೊಟ್ಟೆಯ ಕೆಳಗೆ ಹೋಯಿತು. ಬಿಸಿ. ಹಕ್ಕಿ ಅವಳ ಮುಂಗೈಯನ್ನು ರಕ್ತ ಬರುವ ಹಾಗೆ ಕುಕ್ಕಿತು. ಆದರೂ ಏಳಲಿಲ್ಲ.

ಅವಳು ಕೈ ಹಿಂದಕ್ಕೆ ತೆಗೆದಳು. ದಂಡೆ ಹತ್ತಿ ಬಂದು ಖಾಲಿ ಚೀಲವನ್ನು ಅವನ ಮುಂದೆ ಇಟ್ಟಳು.

"ನನ್ನ ಕೈಲಾಗಲ್ಲ."

"ಕೈಲಾಗಲ್ವೋ, ಮಾಡಲ್ವೋ?"

ಮುಂಗೈಯ ರಕ್ತ ಬೆರಳ ತುದಿಗೆ ಇಳಿಯಿತು.

"ಮಾಡಲ್ಲ."

"ಅಬ್ಬಬ್ಬಾ! ನೀವೇ ಜೌಗಲ್ಲಿ ಮೊಟ್ಟೆ ಕದ್ದು ತಿಂದವರಲ್ವೇನೇ? ಈಗ ಎಲ್ಲಿಂದ ಬಂತು ಈ ಕರುಣೆ?"

"ತಿಂದಿದ್ದೀವಿ. ಗೂಡಿಗೊಂದು ತೆಗೀತಿದ್ವಿ. ಗೂಡು ಕೀಳ್ತಿರ್ಲಿಲ್ಲ."

"ಉಂಡ ಮನೆ ಜಂತೆ ಎಣಿಸೋ ಜನ ನೀವು. ಬೇಡ, ಹೋಗು. ನಿನ್ನ ಕೈ ಇಲ್ದಿದ್ರೆ ಆಗಲ್ಲ ಅಂದ್ಕೊಂಡ್ಯಾ? ನೀರು ಪೂರ್ತಿ ತೆಗೆಸಿ ಕೊಳಾನೇ ತೊಳೆಸ್ತೀನಿ. ಗುಂಡಿ ಒತ್ತಿದ್ರೆ ಆಯ್ತು." ಅವಳು ಹೊರಟಾಗ ಹಿಂದಿನಿಂದ ಕೂಗಿದ. "ಡಬ್ಬ ಇಟ್ಟು ಹೋಗು. ಅದು ನಮ್ಮದು."

ಅವಳು ಡಬ್ಬವನ್ನು ಕಲ್ಲುಬೆಂಚಿನ ಮೇಲೆ ಇಟ್ಟು ಹೊರಗೆ ಬಂದಳು.

ಮನೆಗೆ ಬಂದಾಗ ಚೆನ್ನಾಗಿ ಬಿಸಿಲು ಬಿದ್ದಿತ್ತು. ಆಕಾಶದಲ್ಲಿ ಒಂದು ಬೆರಳಷ್ಟೂ ಮೋಡವಿರಲಿಲ್ಲ. ಕೇರಿಯವರು ಒದ್ದೆ ಹಾಸಿಗೆ, ಬಟ್ಟೆ, ಅಳಿದುಳಿದ ಚಾಪೆಗಳನ್ನೆಲ್ಲ ಬೀದಿಯ ತುಂಬ ಹರವಿದ್ದರು. ಅತ್ತೆಯನ್ನು ಮಂಚದ ಸಮೇತ ಬಾಗಿಲಿಗೆ ತಂದು ಬಿಸಿಲಿಗೆ ಹಾಕಿದ್ದರು. ಕೆಲಸ ಬಿಟ್ಟು ಬಂದೆ ಎಂದು ಹೇಳಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಗೋಡೆಯ ಪೈಪು ಗೊರಕೆ ಹೊಡೆದ ಹಾಗೆ ಸದ್ದು ಮಾಡಿತು.

ನೀರು ಬಂತು.

ಮೊದಲು ಯಾರೂ ಓಡಲಿಲ್ಲ. ಎಲ್ಲರೂ ತಲೆಯೆತ್ತಿ ಆಕಾಶ ನೋಡಿದರು. ಬಿಸಿಲು ಕಣ್ಣಿಗೆ ಕುಕ್ಕಿತು. ನೀರು ಹಾಸಿಗೆಗಳ ಕೆಳಗೆ ನುಗ್ಗಿ ಅವನ್ನು ಎತ್ತಿಕೊಂಡಿತು. ಆ ನೀರಿನಲ್ಲಿ ಜೊಂಡಿನ ಗೂಡುಗಳು ಚೂರು ಚೂರಾಗಿ ಬಂದವು. ಪೈಪಿನ ಬಾಯಿಂದ ಹಳದಿ ಲೋಳೆ ಮೆತ್ತಿದ ಚಿಪ್ಪುಗಳು ಬಂದವು. ಹಕ್ಕಿಗಳು ಗೋಡೆ ದಾಟಿ ಬಂದು ಕೇರಿಯ ಮೇಲೆ ಸುತ್ತುತ್ತಾ ಕಿರುಚಿದವು.

ಅವಳು ಕಾಲಿಗೆ ಸಿಕ್ಕ ಒದ್ದೆ ಚಾಪೆಯೊಂದನ್ನು ಎತ್ತಿದಳು. ಅತ್ತೆ ಉಳಿದ ಎಳೆಗಳಿಂದ ನೇಯ್ದದ್ದು. ಅದನ್ನು ಸುರುಳಿ ಸುತ್ತಿದಳು, ಪೈಪಿನ ಬಾಯಿಗೆ ತುರುಕಿದಳು. ನೀರು ಅದನ್ನು ಉಗುಳಿ ಅವಳ ಮುಖಕ್ಕೆ ಹೊಡೆಯಿತು. ಮತ್ತೆ ತುರುಕಿದಳು.

"ಅಡ್ಡ ಇಡು, ಅಡ್ಡ!" ಎಂದು ಹಗ್ಗದವನು ಓಡಿ ಬಂದ. ಗಂಡ ಬಂದ. ವಾರಗಿತ್ತಿ ತನ್ನ ಮನೆಗೆ ನುಗ್ಗಿ ಉಳಿದಿದ್ದ ಒಂದೇ ಒಂದು ಹೊಸ ಚಾಪೆ ಹೊತ್ತು ತಂದಳು. ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ನೀರು ಕುಡಿದ ಜೊಂಡು ಹೇಗೆ ಊದಿ ಬಿಗಿಯುತ್ತದೆ ಎಂದು ಅವರಿಗೆ ಈಚೆಗಷ್ಟೇ ಪಾಠವಾಗಿತ್ತು. ಸುರುಳಿಯ ಮೇಲೆ ಸುರುಳಿ ಇಟ್ಟು ಮುಷ್ಟಿಯಿಂದ ಗುದ್ದಿ ಗುದ್ದಿ ಒಳಗೆ ಕಳಿಸಿದರು. ನೀರು ಸಣ್ಣದಾಯಿತು. ಜಿನುಗಿತು. ನಿಂತಿತು. ಕೈ ತೆಗೆದರೆ ಹಾರಿಬಿಡುತ್ತದೆ ಎಂದು ಅವಳು ತಿರುಗಿ ಬೆನ್ನು ಕೊಟ್ಟು ನಿಂತಳು. ಗಂಡ ಅವಳ ಪಕ್ಕ ಬೆನ್ನು ಕೊಟ್ಟ.

ಬಾಯಿ ಕಟ್ಟಿದ ಪೈಪಿನೊಳಗೆ ಪಂಪು ಗುದ್ದುತ್ತಿತ್ತು. ಒಂದೊಂದು ಗುದ್ದೂ ಅವಳ ಬೆನ್ನುಹುರಿಗೆ ತಟ್ಟಿ ಹಲ್ಲಿನವರೆಗೆ ಬರುತ್ತಿತ್ತು.

ಮಂಚದ ಕಾಲುಗಳು ಮುಳುಗಿದ್ದವು. ಅತ್ತೆ ಅಲ್ಲಿಂದಲೇ ಕೂಗಿದಳು.

"ಮಳೆ ಎಲ್ಲಿಂದ ಬಂತೇ?"

"ಮಳೆ ಇಲ್ಲ ಅತ್ತೆ. ಬಿಸಿಲಿದೆ."

"ಬಿಸಿಲು ನನಗೂ ಕಾಣುತ್ತೆ. ನೀರು?"

"ಅವರು ಬಿಟ್ಟಿದ್ದು. ಕೊಳ ತೊಳೀತಿದ್ದಾರೆ. ನಾನು ಗೂಡು ಕೀಳಲ್ಲ ಅಂದೆ, ಅದಕ್ಕೆ."

ಕೇರಿಯವರೆಲ್ಲ ಅವಳನ್ನು ನೋಡಿದರು. ಅವಳು ತಲೆ ತಗ್ಗಿಸಲಿಲ್ಲ. ತಗ್ಗಿಸಲು ಜಾಗವಿರಲಿಲ್ಲ, ತಲೆಯನ್ನೂ ಚಾಪೆಗೆ ಒತ್ತಿ ಹಿಡಿದಿದ್ದಳು.

"ಅನ್ನಬೇಕಾದ್ದೇ ಅಂದಿದ್ದೀಯ," ಎಂದಳು ಅತ್ತೆ. ಆಮೇಲೆ ಅವಳ ದನಿ ಇಳಿಯಿತು. ಅಷ್ಟು ವರ್ಷದಲ್ಲಿ ಸೊಸೆ ಆ ದನಿ ಕೇಳಿರಲಿಲ್ಲ. "ಇನ್ನು ಮೇಲೆ ಏನು ನೋಡಿಕೊಂಡು ಸಾಮಾನು ಎತ್ತೋದೇ? ಯಾರನ್ನ ಕೇಳೋದು?"



ಹಾಗೆ ಎಷ್ಟು ಹೊತ್ತು ನಿಂತರೋ. ಬಿಸಿಲು ನೆತ್ತಿಗೆ ಬಂತು. ವಾರಗಿತ್ತಿ ನೀರು ತಂದು ಅವಳ ಬಾಯಿಗೆ ಹಿಡಿದಳು. ಆಗ ಒಮ್ಮೆಲೇ ಬೆನ್ನಿನ ಗುದ್ದು ನಿಂತಿತು. ಪಂಪು ನಿಂತಿತ್ತು.

"ನಿಲ್ಸಿದ್ರು!" ಎಂದು ವಾರಗಿತ್ತಿ ಕಿರುಚಿದಳು. "ಅಕ್ಕ, ನಿಲ್ಸಿಬಿಟ್ರು!" ಹಗ್ಗದವನು ಕೆಸರಿನಲ್ಲೇ ಕುಕ್ಕರಿಸಿ ಮುಖ ಮುಚ್ಚಿಕೊಂಡ. ಯಾರೋ ನಗಲು ಶುರು ಮಾಡಿದರು.

ಅವಳು ಮಾತ್ರ ಬೆನ್ನು ತೆಗೆಯಲಿಲ್ಲ.

ಠಣ್ ಎಂದಿತು. ಮತ್ತೆ ಠಣ್. ಗೋಡೆಯ ಆ ಕಡೆಯಿಂದ, ಬೀದಿಯ ಕೆಳಗಿನ ತುದಿಗೆ, ಸುತ್ತಿಗೆಯ ಪೆಟ್ಟು. ನೀರಿಗೆ ಇನ್ನೊಂದು ದಾರಿ ಕೊರೆಯುತ್ತಿದ್ದರು. ಅತ್ತೆಯ ಮಂಚದ ನೇರಕ್ಕೆ ಗೋಡೆಯ ಸುಣ್ಣ ಹೆಕ್ಕಳಿಕೆಯಾಗಿ ಉದುರಿತು. ನಗು ನಿಂತಿತು. ಅವಳು ಓಡಲು ಒಂದು ಕಾಲು ಎತ್ತಿದಳು. ಬೆನ್ನ ಹಿಂದೆ ಚಾಪೆ ಸರಿಯಿತು, ಕೊಳದಲ್ಲಿ ಉಳಿದಿದ್ದ ನೀರು ಚಿಳ್ಳನೆ ಚಿಮ್ಮಿತು. ಕಾಲು ಮತ್ತೆ ಊರಿದಳು.

"ನೀವು ಹೋಗಿ," ಎಂದಳು ಗಂಡನಿಗೆ. "ಅಲ್ಲಿಗೆ ಹೋಗಿ ಒತ್ತಿ ಹಿಡೀರಿ."

ಗಂಡ ಕದಲಲಿಲ್ಲ. ತಲೆ ವಾರೆ ಮಾಡಿ ಆ ಪೆಟ್ಟುಗಳನ್ನು ಕೇಳುತ್ತಿದ್ದ.

"ಅಲ್ಲಿ ಒಂಟಿ ಇಟ್ಟಿಗೆ ಗೋಡೆ," ಎಂದ. "ನಾನೇ ಕಟ್ಟಿದ್ದು. ಜಾಸ್ತಿ ಹೊತ್ತು ತಡೆಯಲ್ಲ."